ವಿಲ್ಬರ್‌ಫೋರ್ಸರ ಚರಿತ್ರೆ

ಕ್ರಿಸ್ತನ ಬೋಧನೆಯು ಯಾವ ರಾಜಕೀಯ ಪಕ್ಷಕ್ಕೆ ಸೇರಿದ್ದೆಂದು ಕೇಳುವವರಿಗೆ ನಾವು ವಿಲಿಯಂ ವಿಲ್ಬರ್‌ಫೋರ್ಸರ ಚರಿತ್ರೆಯನ್ನು ಹೇಳುವೆವು. ಇವರು 1759ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದ ವರ್ತಕನೊಬ್ಬನಿಗೆ ಮಗನಾಗಿ ಹುಟ್ಟಿ, 1780ರಲ್ಲಿ ಪಾರ್ಲಿಮೆಂಟಿಗೆ ಆರಿಸಲ್ಪಟ್ಟರು. 1785ರಲ್ಲಿ ಅವರ ಮನಸ್ಸು ಕರ್ತನ ಕಡೆಗೆ ತಿರುಗಿತು. ಆಫ್ರಿಕದವರನ್ನು ಹಿಡಿದು ಮಾರುವ ವ್ಯಾಪಾರಕ್ಕೆ ವಿರೋಧವಾಗಿ ಅವರು ಬಹುಕಾಲ ವಾದಿಸಿ, ಅನೇಕ ಸಾರಿ ಸೋತು, 1807ರಲ್ಲಿ ಅದನ್ನು ಕಾಯಿದೆಯಿಂದ ನಿಲ್ಲಿಸಿದರು. ಹೀಗಿದ್ದರೂ, ಕೂಲಿಗಾರರು ಹೆಚ್ಚು ಕೂಲಿಗಾಗಿ ಸಂಘ ಕೂಡಬಾರದೆಂಬ 1799ರ ಕಾಯಿದೆಗೆ ಇವರೇ ಬೆಂಬಲವಾಗಿ ನಿಂತಿದ್ದರು. ದೂರದ ದಾಸನ ಬೇಡಿಯನ್ನು ಕಂಡ ಕಣ್ಣಿಗೆ ನೆರೆಯ ಕೂಲಿಯವನ ಕಷ್ಟವು ಕಾಣಲಿಲ್ಲವೆಂದು ನಾವು ದುಃಖದಿಂದ ಹೇಳಬೇಕಾಗಿದೆ. 1833ರ ಜುಲೈ ತಿಂಗಳಲ್ಲಿ, ದಾಸರ ಬಿಡುಗಡೆಯ ಮಸೂದೆಯು ಅಂಗೀಕಾರವಾಗುವುದು ಖಚಿತವೆಂಬ ಸುದ್ದಿಯನ್ನು ಕೇಳಿದ ಮೂರನೆಯ ದಿನ, ಅವರು ಕರ್ತನಲ್ಲಿ ನಿದ್ರೆಹೋದರು. ಸಹೋದರರೇ, ಇಷ್ಟು ಭಕ್ತಿವಂತರೂ ಒಂದು ಕಡೆ ಎಡವಿದರು. ಆದಕಾರಣ ನಾವು ಯಾವ ಪಕ್ಷಕ್ಕೆ ಮತ ಕೊಟ್ಟರೂ ಅದನ್ನು ಸುವಾರ್ತೆಯ ಕೋಲಿನಿಂದ ಅಳೆಯುತ್ತಿರೋಣ.