ಚಿತ್ರಕಾರ ಕೆ. ಕೆ. ಹೆಬ್ಬಾರರು

ಕಂಡದ್ದನ್ನು ಕಂಡಂತೆ ಬರೆಯುವುದೇ ಚಿತ್ರಕಲೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಶ್ರೀಮಂತರ ಮನೆಯ ಗೋಡೆಯ ಮೇಲೆ, ಚಂದದ ಚೌಕಟ್ಟಿನೊಳಗೆ ಬರಿಯ ಬಣ್ಣಗಳೇ ಹರಡಿರುವ ನವ್ಯಚಿತ್ರವನ್ನು ಕಂಡರೆ, ಇದರಲ್ಲೇನಿದೆಯೆಂದು ನಕ್ಕು ಮುಂದೆ ಹೋಗುವವರೇ ಹೆಚ್ಚು. ಅಂಥ ಚಿತ್ರದ ಹಿಂದೆ ಎಷ್ಟು ಸಾಧನೆ ಇರಬಲ್ಲುದೆಂಬುದಕ್ಕೆ ಕನ್ನಡನಾಡಿನ ಹಿರಿಯ ಕಲಾವಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಜೀವನವೇ ಸಾಕ್ಷಿ.

ಹೆಬ್ಬಾರರು 1911ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಜನಿಸಿದರು. ಮನೆಮಾತು ತುಳು. ತಂದೆಯವರು ಮಣ್ಣಿನಲ್ಲಿ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದರು. ಮಗನಿಗೆ ಅದೇ ಮೊದಲ ಕಲಾಶಾಲೆಯಾಯಿತು. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿ 1938ರಲ್ಲಿ ಡಿಪ್ಲೊಮಾ ಪಡೆದರು. ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರೂ ಆಗಿದ್ದರು. ಅಷ್ಟಕ್ಕೇ ತೃಪ್ತರಾಗದೆ 1949ರಲ್ಲಿ ಪ್ಯಾರಿಸಿಗೆ ಹೋಗಿ, ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ರೇಖೆಗೆ ಲಯ ಕೂಡಿಬರಬೇಕೆಂದು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಕೆಲವೇ ಗೆರೆಗಳಲ್ಲಿ ನರ್ತಕಿಯೊಬ್ಬಳನ್ನು ಕುಣಿಸಬಲ್ಲ ಅವರ ಕೈಚಳಕ ಬಂದದ್ದು ಈ ಪರಿಶ್ರಮದಿಂದ.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಜಾಕ್ಸನ್ ಪೊಲಾಕ್ ಮೊದಲಾದವರು, ಆಕೃತಿಯನ್ನೇ ಬಿಟ್ಟು ಭಾವವನ್ನು ನೇರವಾಗಿ ಬಣ್ಣದಲ್ಲಿ ಮೂಡಿಸುವ ಅಮೂರ್ತ ಅಭಿವ್ಯಕ್ತಿ ಪಂಥವನ್ನು ಬೆಳೆಸುತ್ತಿದ್ದರು. ಹೆಬ್ಬಾರರು ಆ ಪಂಥಕ್ಕೆ ಸೇರಿದವರಲ್ಲ. ಆದರೂ ಅವರ ಚಿತ್ರಗಳಲ್ಲಿಯೂ ಕ್ರಮೇಣ ಆಕೃತಿ ಕರಗಿ ಬಣ್ಣವೇ ಮಾತನಾಡತೊಡಗಿತು. ಮನುಷ್ಯನ ನೋವು ನಲಿವುಗಳನ್ನು ಮಾತ್ರ ಅವರು ಕೈಬಿಡಲಿಲ್ಲ.

ಕೋಲಾರದ ಚಿನ್ನದ ಗಣಿಯ ಸೀಮೆಯವರಾದ ನಮಗೆ ಇದು ತಿಳಿಯದ ವಿಷಯವೇನೂ ಅಲ್ಲ. ರಾಶಿ ರಾಶಿ ಕಲ್ಲನ್ನು ಅಗೆದು, ಅರೆದು, ತೊಳೆದರೆ ದೊರೆಯುತ್ತಿದ್ದುದು ಚಿಟಿಕೆಯಷ್ಟು ಚಿನ್ನ. ಉಳಿದ ಮಣ್ಣು ಸೈನೈಡ್ ದಿಬ್ಬಗಳಾಗಿ ಇಂದಿಗೂ ನಮ್ಮ ಕಣ್ಣ ಮುಂದಿದೆ. ಕಲಾವಿದನೂ ಹಾಗೆಯೇ, ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಅರೆದು, ಬೇಡದ್ದನ್ನು ತೊರೆದು, ಸಾರವನ್ನಷ್ಟೇ ಚೌಕಟ್ಟಿನೊಳಗೆ ಇಡುತ್ತಾನೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದುವು. 1996ರಲ್ಲಿ ಮುಂಬಯಿಯಲ್ಲಿ ಅವರು ತೀರಿಕೊಂಡರು. ಅವರ ಎಷ್ಟೋ ಚಿತ್ರಗಳು ಖಾಸಗಿ ಸಂಗ್ರಹಗಳನ್ನು ಸೇರಿ ಜನಸಾಮಾನ್ಯರ ಕಣ್ಣಿಗೆ ಬೀಳದಾದುವು. ಆದರೆ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಅವರು ತಮ್ಮ ಹಲವು ಕೃತಿಗಳನ್ನು ಕೊಡುಗೆಯಾಗಿ ಕೊಟ್ಟರು.

2001ರಲ್ಲಿ ಮುಚ್ಚಿಹೋದ ನಮ್ಮ ಗಣಿಯ ಚಿನ್ನ, ಅದನ್ನು ಅಗೆದವರ ಮನೆಗೆ ಬರಲಿಲ್ಲ. ಹೆಬ್ಬಾರರಾದರೋ ತಾವು ತೆಗೆದ ಚಿನ್ನದಲ್ಲಿ ಸ್ವಲ್ಪವನ್ನು ನಾಡಿಗೇ ಬಿಟ್ಟುಹೋದರು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಬಡ ವಿದ್ಯಾರ್ಥಿಗೂ ಅದರಲ್ಲಿ ಒಂದು ಪಾಲುಂಟು.