ವಾಲ್ಡೆಮಾರ್ ಹಾಫ್ಕೀನ್

ಪ್ಲೇಗಿಗೆ ಹೆದರಿ ಊರನ್ನು ತೊರೆದು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿರುತ್ತಿದ್ದ ಕಾಲದ ಕಥೆಗಳು ನಮ್ಮ ನಾಡಿನ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಆ ಮಾರಿಗೆ ಮೊದಲು ಲಸಿಕೆಯನ್ನು ಸಿದ್ಧಪಡಿಸಿ ಜನರನ್ನು ಕಾಪಾಡಿದ ಹಾಫ್ಕೀನ್ ಮಹಾಶಯರಿಗೆ ದೊರೆತ ಪ್ರತಿಫಲವೆಂತಹುದೆಂಬುದನ್ನು ವಾಚಕರು, ಮುಖ್ಯವಾಗಿ ಅಧಿಕಾರದಲ್ಲಿರುವವರು, ಅರಿಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಇವರು 1860ರಲ್ಲಿ ಒಡೆಸ್ಸಾ ನಗರದ ಯೆಹೂದ್ಯ ಕುಟುಂಬದಲ್ಲಿ ಜನಿಸಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ತಯಾರಿಸಿ, 1892ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭರತಖಂಡಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಲು, ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೊಠಡಿ, ಒಂದು ಮೊಗಸಾಲೆ, ಒಬ್ಬ ಗುಮಾಸ್ತೆ, ಮೂವರು ಜವಾನರು, ಇಷ್ಟೇ ಅವರಿಗಿದ್ದ ಸಾಧನ. ರೋಗಾಣುಗಳನ್ನು ಸಾರಿನಲ್ಲಿ ಬೆಳೆಯಿಸಿ, ಕಾಯಿಸಿ ಕೊಂದು, ಸುಮಾರು ಮೂರೇ ತಿಂಗಳಲ್ಲಿ ಲಸಿಕೆಯನ್ನು ಸಿದ್ಧಗೊಳಿಸಿದರು. 1897ನೆಯ ಜನವರಿ 10ರಂದು ಅದನ್ನೂ ತಾವೇ ಮೊದಲು ಚುಚ್ಚಿಕೊಂಡರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನರು ಈ ಲಸಿಕೆಯನ್ನು ಹಾಕಿಸಿಕೊಂಡರು.

1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆಯನ್ನು ಚುಚ್ಚಲಾಗಿ, 19 ಜನರು ಧನುರ್ವಾಯುವಿನಿಂದ ಮೃತರಾದರು. ಆ ಹತ್ತೊಂಬತ್ತು ಮಂದಿಗೂ ಚುಚ್ಚಿದ್ದ ಮದ್ದು ಒಂದೇ ಸೀಸೆಯದು. ಸರಕಾರದ ವಿಚಾರಣಾ ಮಂಡಲಿಯು ದೋಷವನ್ನು ಮುಂಬಯಿಯ ಪ್ರಯೋಗಶಾಲೆಯ ಮೇಲೆಯೇ ಹೊರಿಸಿತು. ಹಾಫ್ಕೀನರು ಅಧಿಕಾರದಿಂದ ದೂರವಾಗಬೇಕಾಯಿತು. ಆದರೆ ಆ ಗ್ರಾಮದಲ್ಲಿ ಸೀಸೆಯ ಬಿರಡೆಯನ್ನು ತೆಗೆಯುವ ಇಕ್ಕುಳವು ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆಯೇ ಉಪಯೋಗಿಸಲಾಗಿತ್ತು. ಧನುರ್ವಾಯುವಿನ ಬೀಜವು ಮಣ್ಣಿನಲ್ಲಿಯೇ ಇರತಕ್ಕದ್ದೆಂಬುದು ವೈದ್ಯರಿಗೆ ತಿಳಿದ ಮಾತು. ಹೀಗಿದ್ದರೂ ಈ ಸಂಗತಿಗೆ ತಕ್ಕ ಬೆಲೆ ದೊರೆಯಲು ವರ್ಷಗಳೇ ಉರುಳಿದುವು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿದ್ವಾಂಸರು ಲಂಡನ್ನಿನ ಪತ್ರಿಕೆಯಲ್ಲಿ ಬಹಿರಂಗವಾಗಿ ವಾದಿಸಿದ ಮೇಲೆಯೇ ಕಳಂಕವು ತೊಲಗಿತು. ಕಲ್ಕತ್ತೆಯಲ್ಲಿ ಕೆಲಸ ದೊರೆಯಿತು. ಮುಂಬಯಿಯ ಹಿಂದಿನ ಸ್ಥಾನ ದೊರೆಯಲಿಲ್ಲ.

1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರನ್ನಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ದಿವಂಗತರಾದರು. ಕಟ್ಟಡಕ್ಕಿಟ್ಟ ಹೆಸರು ಕಳೆದ ವರ್ಷಗಳನ್ನು ಹಿಂದಕ್ಕೆ ಕೊಡಲಾರದು. ಅನಾಹುತವಾದಾಗ ಸತ್ಯವನ್ನರಸುವುದಕ್ಕೆ ಮೊದಲೇ ಅಪರಾಧಿಯನ್ನು ಅರಸುವ ಆಡಳಿತವು ಒಬ್ಬ ಸಂಶೋಧಕನನ್ನು ಮಾತ್ರವಲ್ಲ, ಅವನ ಮದ್ದಿನಲ್ಲಿ ಪ್ರಜೆಗಳಿಗಿರುವ ನಂಬಿಕೆಯನ್ನೂ ಕೆಡಿಸುತ್ತದೆಂದು ನಾವು ಹೇಳದಿರಲಾರೆವು.