ಚುಕ್ಕಾಣಿ ಅವಳ ಕೈಯಲ್ಲಿತ್ತು

ಎಡಗಾಲು ಸ್ವಲ್ಪ ಎಳೆದು ನಡೆಯುವ ನನಗೆ ಕಾಲೇಜು ಪ್ರವಾಸಗಳಲ್ಲಿ ಸಿಗುತ್ತಿದ್ದದ್ದು ಒಂದೇ ಕೆಲಸ, ಎಲ್ಲರ ಬ್ಯಾಗು ಕಾಯುವುದು. ಅದಕ್ಕೇ ಇರಬೇಕು, ಎರ್ಸ್ಕಿನ್ ಚಿಲ್ಡರ್ಸ್ ಬಗ್ಗೆ ಓದುವಾಗ ಅವನ ಹೆಸರಾಂತ ಕಾದಂಬರಿಗಿಂತ ಅವನ ದೋಣಿಯೇ ನನ್ನನ್ನು ಹಿಡಿದು ನಿಲ್ಲಿಸಿತು.

1870ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಿಲ್ಡರ್ಸ್ ತಬ್ಬಲಿಯಾಗಿ ಐರ್ಲೆಂಡಿನ ಬಂಧುಗಳ ಮನೆಯಲ್ಲಿ ಬೆಳೆದ. ಬೆಟ್ಟ ಸುತ್ತುವಾಗ ನರಕ್ಕೆ ಪೆಟ್ಟಾಗಿ ಕಾಲು ಕೊಂಚ ಕುಂಟಾಯಿತು, ರಗ್ಬಿ ಆಡುವ ಆಸೆ ಅಲ್ಲಿಗೇ ಮುಗಿಯಿತು. ಆಮೇಲೆ ಬ್ರಿಟಿಷ್ ಸಂಸತ್ತಿನಲ್ಲಿ ಗುಮಾಸ್ತಿಕೆ, ರಜೆ ಸಿಕ್ಕರೆ ಕಡಲು. 1904ರಲ್ಲಿ ಅವನು ಮದುವೆಯಾದ ಬಾಸ್ಟನ್ನಿನ ಮಾಲಿಯೂ ಚಿಕ್ಕಂದಿನಲ್ಲಿ ಸ್ಕೇಟಿಂಗ್ ಮಾಡುವಾಗ ಬಿದ್ದು ಕಾಲು ಕಳೆಗುಂದಿಸಿಕೊಂಡವಳೇ!

ಮದುವೆಯ ಉಡುಗೊರೆಯಾಗಿ ಅವಳ ಮನೆಯವರು ಕೊಟ್ಟದ್ದು 51 ಅಡಿಯ ಹಾಯಿದೋಣಿ 'ಆಸ್ಗಾರ್ಡ್'. ನಾರ್ವೆಯ ಲಾರ್ವಿಕ್‌ನಲ್ಲಿ 1905ರಲ್ಲಿ ಕಾಲಿನ್ ಆರ್ಚರ್ ಕಟ್ಟಿದ್ದು. ಆ ಕರಾವಳಿಯ ತುಂಬ ಬಂಡೆಗಳು. ಕೆಲವು ನೀರಿನ ಮೇಲೆ, ಕೆಲವು ಕಣ್ಣಿಗೇ ಬೀಳದಂತೆ ಕೆಳಗೆ. ಒಬ್ಬರು ಹಾಯಿ, ನಕ್ಷೆ ನೋಡಿಕೊಂಡರೆ ಇನ್ನೊಬ್ಬರು ಚುಕ್ಕಾಣಿ ಬಿಡುವಂತಿಲ್ಲ. ನೆಲದ ಮೇಲೆ ನಡೆಯಲು ಕಷ್ಟಪಡುತ್ತಿದ್ದ ಮಾಲಿ ಕಡಲಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದಳು. ನಾರ್ವೆ, ಬಾಲ್ಟಿಕ್ ಕಡೆಗಳಲ್ಲಿ ಹೀಗೆ ಎಷ್ಟೋ ಯಾನ. ಬ್ಯಾಗು ಕಾಯಲು ಅವಳಿಗೆ ಯಾರೂ ಹೇಳಲಿಲ್ಲ.

1914ರ ಜುಲೈನಲ್ಲಿ ಇದೇ ದೋಣಿಯಲ್ಲಿ ಐರಿಷ್ ಸ್ವಯಂಸೇವಕರಿಗಾಗಿ 900 ಬಂದೂಕು ಸಾಗಿಸಿದರು. ಕ್ಯಾಬಿನ್ನಿನ ಪೀಠೋಪಕರಣ ಕಿತ್ತು ಬಂದೂಕು ತುಂಬಿ, ಅದರ ಮೇಲೆಯೇ ಹಾಸಿಗೆ ಹಾಸಿ ಮಲಗಿದರು. ಜುಲೈ 26ರಂದು ಡಬ್ಲಿನ್ ಬಳಿಯ ಹೌತ್ ಬಂದರು ಮುಟ್ಟಿದರು. ಈ ಧೈರ್ಯ ನನಗೆ ಇಷ್ಟ, ಸರಕು ಇಷ್ಟವಿಲ್ಲ.

ಮಹಾಯುದ್ಧದಲ್ಲಿ ಬ್ರಿಟನ್ ಪರ ಹೋರಾಡಿದವನು ಮುಂದೆ ಪೂರ್ತಿ ಐರಿಷ್ ಗಣರಾಜ್ಯದವನಾದ. 1921ರ ಒಪ್ಪಂದವನ್ನು ವಿರೋಧಿಸಿದ. ಸಿಕ್ಕಿಬಿದ್ದಾಗ ಅವನ ಬಳಿ ಇದ್ದದ್ದು ಪುಟ್ಟ ಪಿಸ್ತೂಲು. ಅದೂ ಎದುರು ಪಕ್ಷದ ನಾಯಕ ಮೈಕೆಲ್ ಕಾಲಿನ್ಸ್ ಗೆಳೆಯನಾಗಿದ್ದಾಗ ಕೊಟ್ಟದ್ದು. ಅಷ್ಟಕ್ಕೇ ಮರಣದಂಡನೆ. ತನ್ನ ಸಾವಿಗೆ ಸಹಿ ಹಾಕಿದವರ ಕೈ ಕುಲುಕಬೇಕೆಂದು 16ರ ಮಗನಿಂದ ಮಾತು ತೆಗೆದುಕೊಂಡ. 1922ರ ನವೆಂಬರ್ 24ರಂದು ಗುಂಡು ಹಾರಿಸಲು ನಿಂತ ಸೈನಿಕರ ಕೈಯನ್ನೂ ಕುಲುಕಿದ. ಆ ಮಗ 1973ರಲ್ಲಿ ಐರ್ಲೆಂಡಿನ ಅಧ್ಯಕ್ಷನಾದ.

ಮಾಲಿ 1964ರವರೆಗೆ ಬದುಕಿದ್ದಳು. ಆಸ್ಗಾರ್ಡ್ ಈಗ ಡಬ್ಲಿನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಅದರ ಫೋಟೊ ಸಿಕ್ಕಾಗ ನಾನು ಮೊದಲು ಹುಡುಕಿದ್ದು ಚುಕ್ಕಾಣಿಯನ್ನು.